ಮೆಟ್ಟಿಲ ಮೇಲಿನವಳು

ಏಳನೆಯ ಪುಸ್ತಕ ಓದುವ ಕೆಲಸ ನನಗೆ ಬಂದದ್ದು ಈರಪ್ಪ ಮಾಸ್ತರರ ಕಣ್ಣಿಗೆ ಪೊರೆ ಬಂದದ್ದರಿಂದ. ಮೊದಲ ಆರನ್ನೂ ಅವರೇ ಓದಿದ್ದರು. ಊರಿನಲ್ಲಿ ಎಂ.ಎ. ಮಾಡಿದವಳು ನಾನೊಬ್ಬಳೇ. ಗಂಡ ತೀರಿಕೊಂಡ ಮೇಲೆ ನನಗೆ ಸಂಜೆ ಹೊತ್ತು ಕಳೆಯುವುದು ಕಷ್ಟವೆಂದು ಎಲ್ಲರೂ ತಿಳಿದಿದ್ದರು. "ನಿನ್ನ ದನಿ ಅಳೂದಿಲ್ಲ, ನಗೂದೂ ಇಲ್ಲ. ಓದಾಕ ಅಂಥಾ ದನೀನ ಬೇಕವ್ವಾ" ಎಂದರು ಮಾಸ್ತರರು. ಹೊಗಳಿದರೋ ಮರುಗಿದರೋ ತಿಳಿಯಲಿಲ್ಲ. ಒಪ್ಪಿಕೊಂಡೆ.

ಪುಸ್ತಕ ವರ್ಷಕ್ಕೊಂದು ಬರುತ್ತದೆ, ದೀಪಾವಳಿ ಕಳೆದ ವಾರ, ಅಂಚೆಯಲ್ಲಿ, ಒಂದೇ ಪ್ರತಿ. ಓದುಮನೆಯಲ್ಲಿ ಸಂಜೆ ಐದಕ್ಕೆ ಊರು ಸೇರುತ್ತದೆ. ಒಬ್ಬ ಕೊಲೆಗಾರನ ಕಥೆ. ಒಂದರ ಮೇಲೊಂದು ಕೊಲೆ ಮಾಡುತ್ತ ಹೋಗುತ್ತಾನೆ, ಆರು ಪುಸ್ತಕ ಮುಗಿದರೂ ಸಿಕ್ಕಿಬಿದ್ದಿಲ್ಲ. ಬರೆಯುವವರು ಅವನಿಗೆ ಹೆಸರಿಟ್ಟಿಲ್ಲ, ಊರಿನವರು 'ಅಂವಾ' ಎನ್ನುತ್ತಾರೆ. ಅವನ ಬೆನ್ನು ಹತ್ತಿದ ಇನ್ಸ್‌ಪೆಕ್ಟರನೊಬ್ಬನಿದ್ದಾನೆ. ಅವನ ಪ್ರಸಂಗ ಬಂದಾಗಲೆಲ್ಲ ಹೆಂಗಸರು ಎದ್ದು ನೀರು ಕುಡಿಯಲು ಹೋಗುತ್ತಾರೆ. ನಮ್ಮವರಿಗೆ ಬೇಕಾದದ್ದು ಸತ್ತವರು.

ಪುಸ್ತಕದಲ್ಲಿ ಯಾರಾದರೂ ಸತ್ತರೆ ಓದುವವರು ಅಲ್ಲಿಗೇ ಪುಸ್ತಕ ಮುಚ್ಚಬೇಕು. ಜನ ಎದ್ದು ನಿಲ್ಲುತ್ತಾರೆ. ಚೀಟಿಯ ತಂಬಿಗೆ ಬರುತ್ತದೆ. ಯಾರ ಮನೆಯ ಚೀಟಿ ಬಂತೋ ಆ ಮನೆಯವರು ಸತ್ತವರನ್ನು ಹೊರಬೇಕು. ಹನ್ನೊಂದು ದಿನ ಸೂತಕ. ಮನೆಯ ಗಂಡಸು ತಲೆ ಬೋಳಿಸಿಕೊಳ್ಳುತ್ತಾನೆ. ಹನ್ನೊಂದನೆಯ ದಿನ ಸತ್ತವರಿಗೆ ಇಷ್ಟವಾದದ್ದನ್ನು ಮಾಡಿ ಮಾಳಿಗೆಯ ಮೇಲೆ ಎಡೆ ಇಡುತ್ತಾರೆ. ಕಾಗೆ ಮುಟ್ಟಿದ ಮೇಲೆ ಮನೆಯವರು ಉಣ್ಣುತ್ತಾರೆ. ಮರುದಿನ ಓದು ಮುಂದುವರಿಯುತ್ತದೆ. ಸತ್ತವರ ಹೆಸರೂ ಹೊತ್ತ ಮನೆಯ ಹೆಸರೂ ಓದುಮನೆಯ ಗೋಡೆಯ ಮೇಲೆ ಸೇರುತ್ತವೆ. ಹೆಣ್ಣು ನೋಡಲು ಬಂದವರು ಮನೆತನ ಕೇಳಿದ ಮೇಲೆ, "ನಿಮ್ಮ ಮನ್ಯಾಗ ಯಾರನ್ನ ಹೊತ್ತೀರಿ?" ಎಂದು ಕೇಳುವುದುಂಟು.

ನಮ್ಮ ಮನೆ ಅಂಬುಜಾಕ್ಷಿಯನ್ನು ಹೊತ್ತದ್ದು ನಾನು ಮದುವೆಯಾಗಿ ಬಂದ ವರ್ಷ, ಮೂರನೆಯ ಪುಸ್ತಕದಲ್ಲಿ. ನಾನು ಬೇರೆ ಊರಿನವಳು. ವಿಶ್ವವಿದ್ಯಾಲಯದ ಹಾಸ್ಟೆಲು ಬಿಟ್ಟು ಇನ್ನೂ ನಾಲ್ಕು ತಿಂಗಳಾಗಿರಲಿಲ್ಲ. ಚೀಟಿ ಬಿಚ್ಚಿ ಮಾಸ್ತರರು ನಮ್ಮ ಮನೆಯ ಹೆಸರು ಓದಿದಾಗ ನನಗೆ ನಗು ಬಂತು. ಪಕ್ಕದಲ್ಲಿದ್ದ ಗಂಡ ಸೋಮಲಿಂಗ ನನ್ನ ಕೈ ಒತ್ತಿದ. "ನಗಬ್ಯಾಡ ಸುನಂದಾ. ಆಕಿ ಇನ್ನ ನಮ್ಮಾಕಿ" ಎಂದ. ಮರುದಿನ ತಲೆ ಬೋಳಿಸಿಕೊಂಡು ಬಂದ. ಅವನ ಕಿವಿಗಳು ಅಷ್ಟು ದೊಡ್ಡವೆಂದು ನನಗೆ ಗೊತ್ತಾದದ್ದು ಅವತ್ತು.

ಬರೆಯುವವರು ಆಗ ಸತ್ತವರನ್ನು ಚೆನ್ನಾಗಿ ಬರೆಯುತ್ತಿದ್ದರು. ಅಂಬುಜಾಕ್ಷಿಗೆ ಮೂವತ್ತನಾಲ್ಕು ವರ್ಷ. ಅಂಚೆ ಕಚೇರಿಯಲ್ಲಿ ಪಾರ್ಸೆಲು ತೂಗಿ ಮುದ್ರೆ ಹಾಕುತ್ತಿದ್ದಳು. ಎಡಗಾಲಿನ ಚಪ್ಪಲಿಯ ಪಟ್ಟಿ ಕಿತ್ತು ಪಿನ್ನು ಹಾಕಿಕೊಂಡಿದ್ದಳು. ನಾಳೆ ಹೊಲಿಸೋಣ ಎನ್ನುತ್ತಲೇ ಎರಡು ತಿಂಗಳು ಕಳೆದಿದ್ದವು. ಹಸಿಮೆಣಸಿನಕಾಯಿ ಹಾಕಿದ ಅವಲಕ್ಕಿ ಎಂದರೆ ಪ್ರಾಣ, ಬದನೆಕಾಯಿ ಕಂಡರಾಗದು. ಮಹಡಿಯ ಮೇಲಿನ ಬಾಡಿಗೆ ಮನೆ. ತಂಗಿಯ ಕೂಸನ್ನು ನೋಡಲು ಹೊರಟಿದ್ದ ಶುಕ್ರವಾರದ ಸಂಜೆ ಮೆಟ್ಟಿಲ ಮೇಲೆ ಸತ್ತಳು. ಚೀಲದಲ್ಲಿ ಉಣ್ಣೆಯ ಕುಲಾವಿ ಇತ್ತು.

ಸೋಮಲಿಂಗ ತಕ್ಕಡಿ ರಿಪೇರಿ ಮಾಡುವವನು, ಸಂತೆಯಿಂದ ಸಂತೆಗೆ ತಿರುಗುವವನು. ತೂಗುವ ಕೆಲಸದ ಹೆಂಗಸೇ ತನ್ನ ಪಾಲಿಗೆ ಬಂದಳೆಂದು ಅವನಿಗೊಂದು ಅಭಿಮಾನ. ಅಕ್ಕ ಎಂದೇ ಕರೆಯುತ್ತಿದ್ದ. ಮನೆಗೆ ಬದನೆಕಾಯಿ ತರುವುದನ್ನು ನಿಲ್ಲಿಸಿಬಿಟ್ಟ. ಅತ್ತೆ ನೀಲವ್ವನಿಗೆ ಎಣ್ಣೆಗಾಯಿ ಇಲ್ಲದೆ ರೊಟ್ಟಿ ಇಳಿಯುತ್ತಿರಲಿಲ್ಲ. "ಸತ್ತಾಕಿ ಸಲುವಾಗಿ ಇದ್ದಾಕಿಗೆ ಉಪವಾಸ ಹಾಕಿದ್ಯಲ್ಲೋ" ಎಂದು ಬೈಯುತ್ತಲೇ ಅವರೂ ಬಿಟ್ಟರು.

ಅವನು ಹೋಗಿ ಹದಿನಾಲ್ಕು ತಿಂಗಳಾಗಿತ್ತು. ದೂರದ ಒಂದು ಊರಿನ ಸಂತೆಗೆ ಹೋದವನು ಬಸ್ ನಿಲ್ದಾಣದ ಕಲ್ಲುಬೆಂಚಿನ ಮೇಲೆ ಕೂತಲ್ಲೇ ಹೋದ. ಹೃದಯ ಎಂದರು. ಮೂವತ್ತೈದು ವಯಸ್ಸು, ಒಂದು ದಿನ ಜ್ವರ ಎಂದು ಮಲಗಿದವನಲ್ಲ. ಹೆಣ ತಂದವಳು ನಾನು. ನಾನು ಅಳಲಿಲ್ಲ. ಮೊದಮೊದಲು ಜನ ಗಟ್ಟಿಗಿತ್ತಿ ಎಂದರು. ಆಮೇಲೆ ನನ್ನ ಎದುರು ಕೂತಾಗ ಅವರಿಗೇ ಮಾತು ಹೊರಡದಾಯಿತು.

ಏಳನೆಯ ಪುಸ್ತಕ ಮೊದಲ ದಿನದಿಂದಲೇ ಸರಿ ಕಾಣಲಿಲ್ಲ. ಮೊದಲ ಅಧ್ಯಾಯದಲ್ಲಿ ಒಂದೇ ಪ್ಯಾರಾದೊಳಗೆ ಮೂವರು ಸತ್ತರು. ಒಬ್ಬ ವಕೀಲ, ಒಬ್ಬ ಹಾಲಿನವನು, ಕಾಲೇಜಿಗೆ ಹೋಗುವ ಒಬ್ಬ ಹುಡುಗಿ. ಹಾಲಿನವನಿಗೆ ಹೆಸರೂ ಇರಲಿಲ್ಲ. ಅವನು ನಮ್ಮ ಓಣಿಯ ಕಾಶವ್ವನ ಪಾಲಿಗೆ ಬಂದ. "ಏನ ಎಡಿ ಇಡಲಿ ನಾ ಇಂವಗ? ಹಾಲ ಇಡಲೇನು? ದಿನಾ ಹಾಲ ಮಾರಾಂವ ಹಾಲ ನೋಡಿದ್ರ ಎದ್ದ ಓಡತಾನ" ಎಂದು ಅವಳು ಓದುಮನೆಯ ಮುಂದೆ ನಿಂತು ಬೈದಳು. ಬೈದದ್ದು ಬರೆಯುವವರನ್ನು, ನೋಡುತ್ತಿದ್ದದ್ದು ನನ್ನನ್ನು.

ಮೂರು ಮನೆಗಳ ಸೂತಕ ಕಳೆದು ಓದು ಮುಂದೆ ಸಾಗಿತು. ಐದನೆಯ ಅಧ್ಯಾಯದಲ್ಲಿ ಕೊಲೆಗಾರ ಯಾಕೆ ಕೊಲ್ಲುತ್ತಾನೆಂಬುದು ಬಂತು. ಚಿಕ್ಕವನಿದ್ದಾಗ ತಾಯಿ ಹೊಡೆದು ಕಾಳಿನ ಕೋಣೆಯಲ್ಲಿ ಕೂಡಿಹಾಕುತ್ತಿದ್ದಳಂತೆ. ಸೈಕಲ್ ಅಂಗಡಿಯ ಬಾಳಪ್ಪ ಎದ್ದು ನಿಂತ. ಆರು ಪುಸ್ತಕಗಳ ಪುಟ ಪುಟವೂ ಅವನಿಗೆ ಬಾಯಿಪಾಠ, ಇನ್ಸ್‌ಪೆಕ್ಟರನ ಮೀಸೆ ಯಾವ ಪುಸ್ತಕದಲ್ಲಿ ಎಷ್ಟು ಉದ್ದ ಎಂದು ಕೇಳಿದರೂ ಹೇಳುತ್ತಾನೆ. "ಓದೂದ ನಿಂದರಿಸು ತಂಗಿ. ಆರು ವರ್ಷ ಅಂವಾ ಯಾಕ ಕೊಲ್ಲತಾನ ಯಾರಿಗೂ ಗೊತ್ತಿದ್ದಿಲ್ಲ. ಅದಕ್ಕ ಎದಿ ಡವಡವ ಅಂತಿತ್ತು. ಈಗ ಅವ್ವ ಹೊಡದ್ಲು ಅಂತ! ನಮ್ಮವ್ವ ನನಗ ದಿನಾ ಎರಡು ಹೊತ್ತು ಹೊಡಿತಿದ್ಲು. ನಾ ಪಂಚರ್ ತಿದ್ದಕೋತ ಕುಂತಿಲ್ಲೇನು?"

ಜನ ನಕ್ಕರು. ಮಾಸ್ತರರೂ ನಕ್ಕರು. ನಾನು ಮುಂದೆ ಓದಿದೆ. ಓದುವವರಿಗೆ ಒಂದು ಕಟ್ಟಳೆ ಇದೆ. ಅಕ್ಷರ ಬಿಡುವಂತಿಲ್ಲ, ಸೇರಿಸುವಂತಿಲ್ಲ.

ಎಂಟನೆಯ ಅಧ್ಯಾಯ ಓದಿದ ಸಂಜೆ ಸೋಮವಾರ. ಇನ್ಸ್‌ಪೆಕ್ಟರ್ ಬೆಟ್ಟದ ಮೇಲಿನ ಒಂದು ಒಂಟಿಮನೆಯ ಬಾಗಿಲು ತಟ್ಟುತ್ತಿದ್ದ. ಓದುವವರ ಕಣ್ಣು ಬಾಯಿಗಿಂತ ಒಂದು ಸಾಲು ಮುಂದೆ ಇರುತ್ತದೆ. ಬಾಗಿಲು ತೆರೆದವಳು ಯಾರೆಂದು ನನಗೆ ಕಂಡಿತು. ಓದುಮನೆಯಲ್ಲಿ ಇನ್ನೂರು ಜನರಿದ್ದರು, ಅದು ಗೊತ್ತಿದ್ದವಳು ನಾನೊಬ್ಬಳೇ. ಪುಟ ತಿರುವಿಬಿಟ್ಟಿದ್ದರೆ ಯಾರಿಗೂ ತಿಳಿಯುತ್ತಿರಲಿಲ್ಲ. ನನ್ನ ಕೈ ತನ್ನಷ್ಟಕ್ಕೆ ತಾನೇ ಪುಸ್ತಕ ಮುಚ್ಚಿತು.

ಎಲ್ಲರೂ ಎದ್ದು ನಿಂತರು. ಗಂಡಸರು ಟೋಪಿ, ರುಮಾಲು ತೆಗೆದರು. ಚೀಟಿಯ ತಂಬಿಗೆ ಬಂತು.

"ಯಾರವ್ವಾ?" ಎಂದರು ಮಾಸ್ತರರು.

"ಯಾರೂ ಸತ್ತಿಲ್ರಿ" ಎಂದೆ.

"ಮತ್ತ ಯಾಕ ಮುಚ್ಚಿದಿ?"

ಪುಸ್ತಕ ತೆರೆದು ಆ ಸಾಲು ಓದಿದೆ. "ಅಂಬುಜಾಕ್ಷಿ ಸತ್ತಿರಲಿಲ್ಲ." ಅದರ ಮುಂದಿನ ವಾಕ್ಯವನ್ನೂ ಓದಿದೆ. ಅಷ್ಟರಲ್ಲಿ ಗದ್ದಲ ಎದ್ದಿತ್ತು. ಎರಡನೆಯ ವಾಕ್ಯ ಯಾರಿಗೂ ಕೇಳಿಸಲಿಲ್ಲ. ನನ್ನ ಬಾಯಿಂದಲೇ ಬಂದಿದ್ದರೂ ನನಗೂ ಕೇಳಿಸಲಿಲ್ಲ.

ಗದ್ದಲ ಇಳಿದ ಮೇಲೆ ಅಲ್ಲಿಂದ ಮುಂದೆ ಆ ಪುಟ ಪೂರ್ತಿ ಓದಿಸಿಕೊಂಡರು. ಅಂಬುಜಾಕ್ಷಿ ಕೊಲೆಗಾರನ ಜೊತೆಗಾತಿ. ಅಂಚೆ ಕಚೇರಿಯಲ್ಲಿ ಕೂತು ಒಂಟಿಯಾಗಿದ್ದವರ ವಿಳಾಸ ಬರೆದು ಕೊಡುತ್ತಿದ್ದವಳು ಅವಳೇ. ಪೊಲೀಸರು ಹತ್ತಿರ ಬಂದಾಗ ತಾನೇ ಸತ್ತಂತೆ ಮಾಡಿ ಒಂದು ಹೆಣಕ್ಕೆ ತನ್ನ ಸೀರೆ ಉಡಿಸಿ ತಪ್ಪಿಸಿಕೊಂಡಿದ್ದಳು. ನಾಲ್ಕು ವರ್ಷದಿಂದ ಬೆಟ್ಟದ ಮೇಲೆ ಬೇರೆ ಹೆಸರಿನಲ್ಲಿ ಜೇನು ಸಾಕಿಕೊಂಡಿದ್ದಳು.

"ಪಿನ್ನು?" ಎಂದು ಕೂಗಿದ ಬಾಳಪ್ಪ. ಅವನ ಮುಖ ಕೆಂಪಾಗಿತ್ತು. "ಮೂರನೇದರಾಗ ನೂರಾ ಹನ್ನೆರಡನೇ ಪುಟ. ಹೆಣದ ಕಾಲಾಗ ಪಿನ್ ಹಾಕಿದ ಚಪ್ಪಲಿ ಐತಿ. ಸೀರಿ ಉಡಿಸಿದ್ಲು ಅಂದ, ಆತು. ಚಪ್ಪಲಿ ಮಾತು ಎಲ್ಲೈತಿ? ಮರತಾನ! ತಾನ ಬರದದ್ದು ತಾನ ಮರತಾನ. ಮರತಾಂವನ ಮಾತು ನಾವ್ಯಾಕ ನಂಬಬೇಕು?"

ಮಾಸ್ತರರು ತಲೆ ಅಲ್ಲಾಡಿಸಿದರು. "ಒಂದ ಮಾತು ಸುಳ್ಳು ಅಂದ್ರ ಎಲ್ಲಾನೂ ಸುಳ್ಳು ಆಕ್ಕಾವ ಬಾಳಪ್ಪ. ನೀ ಹೊತ್ತಿಯಲ್ಲ, ಎರಡನೇದರಾಗಿನ ಕಂಡಕ್ಟರ, ಅಂವನೂ ಸತ್ತಿಲ್ಲ ಅನ್ನಾಂವ ನಾಳೆ ಒಬ್ಬ ಬರತಾನ." ಬಾಳಪ್ಪ ಕೂತ. ಅವನು ಆ ಕಂಡಕ್ಟರನಿಗಾಗಿ ಪ್ರತಿ ವರ್ಷ ಕೆಂಪು ಬಸ್ಸಿಗೆ ಹೂವಿನ ಹಾರ ಹಾಕುವವನು.

ಆ ಸಂಜೆ ನಾನು ಮನೆಗೆ ಬರುವಷ್ಟರಲ್ಲಿ ಸುದ್ದಿ ಬಂದಿತ್ತು. ಮರುದಿನ ಬೆಳಿಗ್ಗೆ ಅತ್ತೆ ಒಂದು ಸೇರು ಬದನೆಕಾಯಿ ಕೊಂಡು ತಂದರು. ಎಣ್ಣೆ ಹಾಕಿ, ಹುಚ್ಚೆಳ್ಳಿನ ಪುಡಿ ತುಂಬಿ ಮಾಡಿದರು. ತಾಟಿನ ಮುಂದೆ ಕೂತು ಒಂದು ತುತ್ತು ಮುರಿದರು. ಬಾಯಿಗಿಡಲಿಲ್ಲ.

"ಜೀವಂತ ಇದ್ದಾಕಿಗೆ ನನ್ನ ಮಗಾ ತಲಿ ಬೋಳಿಸಿದ" ಎಂದರು.

ನಾನು ನೀರಿನ ಲೋಟ ಅವರ ಹತ್ತಿರ ಸರಿಸಿದೆ.

"ಜೀವಂತ ಇದ್ದಾಕಿ ಹೆಸರಿಲೆ ಎಡಿ ಇಟ್ಟ. ಒಮ್ಮೆ ಅಲ್ಲ, ವರ್ಷಾ ವರ್ಷಾ ಇಟ್ಟ. ಸಾವು ಬಂದು ನೋಡ್ತು, ಆಕಿ ಇಲ್ಲ. ಇಟ್ಟಾಂವನ್ನ ಕರಕೊಂಡು ಹ್ವಾತು."

"ಹಂಗೆಲ್ಲ ಆಗೂದಿಲ್ರೀ ಅತ್ತೀ. ಯಾರ ಹೇಳಿದ್ರು ನಿಮಗ?"

"ಯಾರ ಹೇಳಬೇಕು? ನನಗ ತಿಳಿಯೂದಿಲ್ಲೇನು?"

ಹೇಳಿದವಳು ಕಾಶವ್ವ. ಬಾವಿಯ ಹತ್ತಿರ ನನಗೂ ಹೇಳಿದಳು, ಮರುಕದ ದನಿಯಲ್ಲೇ. "ನೋಡವ್ವಾ, ಹದಿನಾಲ್ಕು ತಿಂಗಳ ಆತು, ಯಾಕ ಸತ್ತ ಯಾಕ ಸತ್ತ ಅಂತಿದ್ವಿ. ಈಗರ ತಿಳೀತಲ್ಲ. ತಿಳದ ಮ್ಯಾಲ ಮನಸ್ಸು ಹಗರ ಆಕ್ಕೈತಿ."

ನನಗೆ ಹಗುರವಾಗಲಿಲ್ಲ. ಅತ್ತೆಗೂ ಆಗಲಿಲ್ಲ. ಆದರೆ ಅವರಿಗೆ ಒಂದು ಹಿಡಿ ಸಿಕ್ಕಿತ್ತು, ಅದನ್ನು ಬಿಡಲೊಲ್ಲರು. ಗೋಡೆಯ ಮೇಲಿದ್ದ ಮಗನ ಫೋಟೋವನ್ನು ತೆಗೆದು ಟ್ರಂಕಿನಲ್ಲಿಟ್ಟರು. ತಪ್ಪು ಮಾಡಿ ಸತ್ತವನ ಮುಖ ನೋಡಲಾರೆ ಎಂದರು. ಮೂರು ದಿನ ನೀರು ಬಿಟ್ಟು ಬೇರೇನೂ ಮುಟ್ಟಲಿಲ್ಲ.

ಓದುಮನೆಯ ಹಿರಿಯರು ಒಂದು ಪರಿಹಾರ ಹುಡುಕಿದರು. ಗೋಡೆಯ ಮೇಲಿನ ಹೆಸರಿಗೆ ಸುಣ್ಣ ಬಳಿಯುವುದು. ಹೊತ್ತ ಮನೆಯವರು ಊರ ಮುಂದೆ ನಿಂತು 'ಹೊತ್ತದ್ದು ತಪ್ಪಾತು' ಎಂದು ಮೂರು ಸಲ ಹೇಳುವುದು. ಹೊತ್ತ ಗಂಡಸು ಈಗಿಲ್ಲ, ಆದ್ದರಿಂದ ಹೆಂಡತಿ ಹೇಳಬೇಕು. ಮಾಸ್ತರರು ತಾವೇ ಮನೆಗೆ ಬಂದು ತಿಳಿಸಿದರು.

"ಬರೇ ಮಾತವ್ವಾ. ಮೂರು ಸಲ ಅಂದುಬಿಡು. ಮುದುಕಿ ಜೀವ ಉಳೀತೈತಿ. ಊರಿನ ಬಾಯಿನೂ ಮುಚ್ಚತೈತಿ."

ಬರೀ ಮಾತು. ನಾನು ಎಂ.ಎ.ಯ ಎರಡು ವರ್ಷ ಮಾತಿನ ಮೇಲೆಯೇ ಓದಿದವಳು. ಆ ಮೂರು ಮಾತು ಆಡಿದರೆ ಸೋಮಲಿಂಗ ತಪ್ಪು ಮಾಡಿ, ಆ ತಪ್ಪಿಗೆ ಸತ್ತವನಾಗುತ್ತಾನೆ. ಕಾಳಿನ ಕೋಣೆಯ ಹಾಗೆ ಅವನಿಗೂ ಒಂದು ಕಾರಣ ಅಂಟಿಕೊಳ್ಳುತ್ತದೆ. ಆಡದಿದ್ದರೆ ಅತ್ತೆ ಎಷ್ಟು ದಿನ ಬದುಕಿಯಾರು ಎಂಬುದು ನನಗೆ ಗೊತ್ತಿರಲಿಲ್ಲ.

"ಮಾಸ್ತರ, ನನಗ ಮೂರನೇ ಪುಸ್ತಕ ಒಮ್ಮೆ ನೋಡಬೇಕು" ಎಂದೆ.

"ಓದಿ ಮುಗದದ್ದನ್ನ ಮತ್ತ ತಗಿಯೂ ಪದ್ಧತಿ ಇಲ್ಲವ್ವಾ."

"ಮುಗಿದಿಲ್ಲಲ್ರಿ, ಮತ್ತ."

ಅವರು ಸ್ವಲ್ಪ ಹೊತ್ತು ನನ್ನ ಕಡೆ ಮಸುಕು ಕಣ್ಣಿನಿಂದ ನೋಡಿದರು. ಬೀಗದ ಕೈ ಕೊಟ್ಟರು.

ಮಧ್ಯಾಹ್ನ ಓದುಮನೆಯಲ್ಲಿ ಯಾರೂ ಇರಲಿಲ್ಲ. ಎರಡೂ ಪುಸ್ತಕಗಳನ್ನು ಎದುರು ಬದುರು ತೆರೆದಿಟ್ಟೆ. ಏಳನೆಯದರಲ್ಲಿ ನನಗೆ ಕೇಳಿಸದೆ ಹೋದ ಎರಡನೆಯ ವಾಕ್ಯ ಹೀಗಿತ್ತು: 'ಮೆಟ್ಟಿಲ ಮೇಲೆ ಬಿದ್ದಿದ್ದವಳು ಬೇರೆ ಯಾರೋ.' ಅಷ್ಟೇ. ಅವಳ ಬಗ್ಗೆ ಪುಸ್ತಕದಲ್ಲಿ ಇನ್ನೊಂದು ಅಕ್ಷರವಿಲ್ಲ. ಮೂರನೆಯದರ ನೂರಾ ಹನ್ನೆರಡನೆಯ ಪುಟ ತಿರುವಿದೆ. ನಿಂತೇ ಓದಿದೆ, ಆಮೇಲೆ ಕೂತು ಇನ್ನೊಮ್ಮೆ ಓದಿದೆ.

ಶುಕ್ರವಾರ ಸಂಜೆ ಐದಕ್ಕೆ ಊರು ಸೇರಿತು. ಸುಣ್ಣದ ಡಬ್ಬಿ, ಕುಂಚ ಗೋಡೆಯ ಕೆಳಗೆ ಸಿದ್ಧವಾಗಿದ್ದವು. ಅತ್ತೆಯನ್ನು ಇಬ್ಬರು ಹೆಂಗಸರು ಹಿಡಿದುಕೊಂಡು ಬಂದು ಕಂಬಕ್ಕೆ ಒರಗಿಸಿ ಕೂಡಿಸಿದರು. ನಾನು ಓದುವ ಕಟ್ಟೆ ಹತ್ತಲಿಲ್ಲ, ಕೆಳಗೇ ನಿಂತೆ. ಮೂರನೆಯ ಪುಸ್ತಕ ನನ್ನ ಕೈಯಲ್ಲಿತ್ತು.

"ಹೇಳವ್ವಾ" ಎಂದರು ಮಾಸ್ತರರು.

"ಹೇಳೂಕಿಂತ ಮೊದಲ ಒಂದು ಕೇಳತೀನಿ. ಹನ್ನೊಂದನೇ ದಿನ ನಮ್ಮ ಎಡಿಗೆ ಕಾಗಿ ಮುಟ್ಟಿತ್ತೋ ಇಲ್ಲೋ?"

"ಮುಟ್ಟಿತ್ತು" ಎಂದ ಬಾಳಪ್ಪ. "ನಾನ ನೋಡೇನಿ. ಎರಡು ಬಂದಿದ್ದು. ಅವಲಕ್ಕಿಗೆ ಜಗಳ ಆಡಿದ್ದು."

"ಸತ್ತವರು ಇಲ್ಲದ ಎಡಿ ಕಾಗಿ ಮುಟ್ಟತೈತೇನ್ರಿ?"

ಕಾಶವ್ವ, "ಕಾಗಿಗೆ ಏನ ತಿಳೀತೈತಿ, ಹಸದಿತ್ತು ತಿಂತು" ಎಂದಳು.

"ಹಂಗಂದ್ರ ಇಲ್ಲಿ ಗೋಡಿ ಮ್ಯಾಲ ಇದ್ದವರೆಲ್ಲಾ ಹಸದ ಕಾಗಿ ಲೆಕ್ಕಾನ ಕಾಶಕ್ಕ?" ಎಂದ ಬಾಳಪ್ಪ. ಹಿಂದಿನ ಸಾಲಿನಲ್ಲಿ ಯಾರೋ ನಕ್ಕು ಕೆಮ್ಮಿದರು.

ನಾನು ನೂರಾ ಹನ್ನೆರಡನೆಯ ಪುಟ ಓದಿದೆ. 'ಅವಳು ಬೋರಲಾಗಿ ಬಿದ್ದಿದ್ದಳು. ಬಲಗೈ ಮೇಲಿನ ಮೆಟ್ಟಿಲಿಗೆ ಚಾಚಿತ್ತು. ಕೆಳಗಿನ ಮೆಟ್ಟಿಲ ಮೇಲೆ ಅವಳ ಕಾಲುಗಳಿದ್ದವು.' ಓದಿ ನಿಲ್ಲಿಸಿದೆ.

"ಅಂಬುಜಾಕ್ಷಿ ಮನಿ ಮ್ಯಾಲ. ಆಕಿ ಊರಿಗೆ ಹೊಂಟಿದ್ಲು. ಹೊಂಟಾಕಿ ಮೆಟ್ಟಲ ಇಳೀಬೇಕು. ಮುಂದ ಬಿದ್ದರ ಕೈ ಕೆಳಗ ಇರಬೇಕು. ಈಕಿ ಕೈ ಮ್ಯಾಲ ಐತಿ. ಈಕಿ ಹತ್ತತಿದ್ಲು."

ಬಾಳಪ್ಪ ಬಾಯಿ ತೆರೆದ. ಏಳು ವರ್ಷದಲ್ಲಿ ಮೊದಲ ಸಲ ಅವನಿಗೆ ಗೊತ್ತಿಲ್ಲದ ಒಂದು ವಿಷಯ ಆ ಪುಟಗಳಲ್ಲಿ ಸಿಕ್ಕಿತ್ತು. "ಪಿನ್ನು?" ಎಂದ, ಮೆಲ್ಲಗೆ.

"ಪಿನ್ನು ನನಗ ಗೊತ್ತಿಲ್ಲ ಬಾಳಪ್ಪಣ್ಣ. ಬರದಾಂವ ಮರತಾನ. ಆದ್ರ ಸಾವು ಸುಳ್ಳಲ್ಲ. ಆ ಮೆಟ್ಟಲ ಮ್ಯಾಲ ಒಬ್ಬಾಕಿ ಸತ್ತಾಳ. ಏಳನೇದರಾಗೂ ಹಂಗ ಐತಿ, 'ಬೇರೆ ಯಾರೋ' ಅಂತ. ಯಾರನ್ನೋ ನೋಡಾಕ ಮ್ಯಾಲ ಹತ್ತತಿದ್ಲು. ನಮ್ಮ ಮನಿಯವರು ತಲಿ ಬೋಳಿಸಿದ್ದು ಆಕೀಗೆ. ಹೆಸರು ತಪ್ಪಿತ್ತು. ಹೊತ್ತದ್ದು ತಪ್ಪಿಲ್ಲ."

"ಹೆಸರಿಲ್ಲದಾಕಿನ್ನ ಹ್ಯಾಂಗ ಹೊರೂದವ್ವಾ?" ಎಂದರು ಮಾಸ್ತರರು. ಅದು ವಾದವಲ್ಲ, ನಿಜವಾಗಿ ಕೇಳಿದ್ದು. "ವಯಸ್ಸು ತಿಳೀದು. ಏನು ಉಣ್ಣತಿದ್ಲು ತಿಳೀದು. 'ಬೇರೆ ಯಾರೋ' ಅಂದ್ರ ಯಾರೂ ಅಲ್ಲ ಅಂದಂಗ."

ಆಗ ಹೇಳಿದೆ. ಹೇಳಬೇಕೆಂದು ಹೋದದ್ದಲ್ಲ. ಅತ್ತೆಯಿಂದ ಇದನ್ನು ಹದಿನಾಲ್ಕು ತಿಂಗಳು ಮುಚ್ಚಿಟ್ಟಿದ್ದೆ.

"ನಮ್ಮ ಮನಿಯವರೂ ಒಂದ ದಿನ ಬೇರೆ ಯಾರೋ ಆಗಿದ್ರು. ಬಸ್ ಸ್ಟ್ಯಾಂಡಿನ್ಯಾಗ ಅವರ ಚೀಲಾ ಯಾರೋ ಎತ್ತಿಕೊಂಡ ಹೋಗಿದ್ರು. ಕಾಗದ ಇಲ್ಲ, ಏನಿಲ್ಲ. ಆಸ್ಪತ್ರಿಯವರು ಕಾಲಿಗೆ ಒಂದು ಚೀಟಿ ಕಟ್ಟಿದ್ರು. 'ಅಪರಿಚಿತ ಗಂಡಸು, ಸುಮಾರು ನಲವತ್ತು' ಅಂತ. ನಲವತ್ತು ಅಲ್ಲ, ಮೂವತ್ತೈದು. ಕಿಸೇದಾಗ ನೂರು ಗ್ರಾಮಿನ ಒಂದು ತೂಕದ ಬಟ್ಟು ಇತ್ತು. ಅದರ ಮ್ಯಾಲಿನ ಮುದ್ರಿ ನೋಡಿ, ಅಲ್ಲಿ ಇಲ್ಲಿ ಕೇಳಿ, ಮರುದಿನ ನಮಗ ಸುದ್ದಿ ಮುಟ್ಟಿಸಿದ್ರು. ಒಂದ ದಿನ, ಒಂದ ರಾತ್ರಿ ಅವರು ಯಾರೂ ಅಲ್ಲ. ಹಂಗಂತ ಅವರು ಸತ್ತಿದ್ದಿಲ್ಲೇನ್ರಿ?"

ಕಂಬದ ಹತ್ತಿರದಿಂದ ಒಂದು ಸದ್ದು ಬಂತು. ಅತ್ತೆ ಎದ್ದು ನಿಂತಿದ್ದರು, ಹಿಡಿದವರ ಕೈ ಕೊಸರಿಕೊಂಡು.

"ಸುಣ್ಣದ ಡಬ್ಬಿ ಒಳಗಿಡ್ರಿ" ಎಂದರು. "ಆಕಿ ನಮ್ಮಾಕಿ. ಆಕಿ ಹೆಸರಿಲೆ ನಾವು ಒಮ್ಮೆನೂ ಅತ್ತಿಲ್ಲ. ಹನ್ನೊಂದು ದಿನ ಹೊಸದಾಗಿ ಹಿಡೀತೀವಿ."

"ತಲಿ ಬೋಳಿಸಾಕ ನಿಮ್ಮ ಮನ್ಯಾಗ ಗಂಡಸಿಲ್ಲಲ್ಲ ನೀಲಕ್ಕ" ಎಂದರು ಮಾಸ್ತರರು.

"ನಾ ಬೋಳಿಸತೇನಿ" ಎಂದ ಬಾಳಪ್ಪ.

"ನಿನ್ನ ತಲ್ಯಾಗ ಏನೈತೋ ಬೋಳಿಸಾಕ?" ಎಂದರು ಅತ್ತೆ.

ಬಾಳಪ್ಪ ತನ್ನ ಬೋಳುತಲೆ ಸವರಿಕೊಂಡ. "ಕಿವಿ ಹಿಂದ ನಾಲ್ಕು ಅದಾವ" ಎಂದ. ಈ ಸಲ ಯಾರೂ ನಗಲಿಲ್ಲ. ಮರುದಿನ ಆ ನಾಲ್ಕನ್ನೂ ತೆಗೆಸಿಕೊಂಡು ಬಂದ.

ಗೋಡೆಯ ಮೇಲೆ ಅಂಬುಜಾಕ್ಷಿಯ ಹೆಸರನ್ನು ಅಳಿಸಿ 'ಮೆಟ್ಟಿಲು ಹತ್ತುತ್ತಿದ್ದವಳು' ಎಂದು ಬರೆದರು. ಎದುರಿಗೆ ನಮ್ಮ ಮನೆಯ ಹೆಸರು ಹಾಗೇ ಉಳಿಯಿತು. ಕಾಶವ್ವ ಮೊದಲ ದಿನ ಬರಲಿಲ್ಲ. ಮೂರನೆಯ ದಿನ ಬಂದು ಬಾಗಿಲಲ್ಲೇ ನಿಂತು, "ನಮ್ಮ ಹಾಲಿನಾಂವಗೂ ಏನರ ಒಂದು ಹುಡುಕಿ ಕೊಡವ್ವಾ, ಅಂವಾ ಎತ್ತ ಹೊಂಟಿದ್ದ ಅಂತರ" ಎಂದಳು. ಹುಡುಕುತ್ತೇನೆ ಎಂದೆ. ಆ ಪ್ಯಾರಾದಲ್ಲಿ ಏನೂ ಇಲ್ಲವೆಂದು ನನಗೆ ಗೊತ್ತಿತ್ತು, ಆದರೂ ಅಂದೆ.

ಹನ್ನೊಂದನೆಯ ದಿನದ ಅಡುಗೆಗೆ ಏನು ಮಾಡುವುದೆಂದು ಅತ್ತೆಯೂ ನಾನೂ ಎರಡು ದಿನ ಮಾತಾಡಿದೆವು. ಸಿಹಿ ಆಗಿ ಬರುತ್ತಿತ್ತೋ ಇಲ್ಲವೋ. ಖಾರ ತಿನ್ನುತ್ತಿದ್ದಳೋ ಇಲ್ಲವೋ. ಕೊನೆಗೆ ಅತ್ತೆಯೇ ಅನ್ನ, ತಿಳಿಸಾರು ಮಾಡಿದರು. ಮೆಟ್ಟಿಲು ಹತ್ತಿ ದಣಿದು ಬಂದವರಿಗೆ ಯಾರಾದರೂ ಅದನ್ನೇ ಬಡಿಸುತ್ತಾರೆ ಎಂದರು. ಮಾಳಿಗೆಯ ಮೇಲೆ ಎಡೆ ಇಟ್ಟು ಒಂದು ಕಡೆ ಕೂತೆವು. ಬೆಳಗಿನ ಬಿಸಿಲು ಎಳೆಯದಿತ್ತು.

"ಆ ದಿನ, ಆ ಊರಾಗ" ಎಂದರು ಅತ್ತೆ. ಎಡೆಯ ಕಡೆಗೇ ನೋಡುತ್ತಿದ್ದರು. "ಅವನ ಹಂತ್ಯಾಕ ಯಾರೂ ಇದ್ದಿಲ್ಲೇನು?"

"ಒಬ್ಬಾಕಿ ಇದ್ಲು. ಆಸ್ಪತ್ರಿ ಕಸ ಹೊಡ್ಯಾಕಿ. ನಾ ಹೋದಾಗ ಬಾಗಲಾಗ ಕುಂತಿದ್ಲು. 'ಯಾವ ತಾಯಿ ಮಗನೋ ಏನೋ, ಬಾಯಾಗ ನೀರು ಬಿಟ್ಟೇನಿ, ಕಣ್ಣು ಮುಚ್ಚೇನಿ' ಅಂದ್ಲು. ತನ್ನ ಪಾಳಿ ಮುಗದಿತ್ತಂತ. ಯಾರರ ಬರತನಕ ಅಂತ ಕುಂತಿದ್ಲಂತ."

ಅತ್ತೆ ಎಡೆಯಿಂದ ಕಣ್ಣು ತೆಗೆದು ನನ್ನ ಕಡೆ ತಿರುಗಿದರು.

"ಆಕಿ ಹೆಸರೇನು?"

"ಕೇಳಲಿಲ್ರಿ."

"ಓದಿದಾಕಿ ಅದಿ. ಅಷ್ಟು ಕೇಳಬೇಕಂತ ತಿಳೀಲಿಲ್ಲೇನು ನಿನಗ?"

ಉತ್ತರ ಕೊಡಲು ಬಾಯಿ ತೆರೆದೆ. ಬಂದದ್ದು ಮಾತಲ್ಲ. ಅತ್ತೆ ನನ್ನನ್ನು ಸಮಾಧಾನ ಮಾಡಲಿಲ್ಲ, ಹತ್ತಿರವೂ ಸರಿಯಲಿಲ್ಲ. ಅಷ್ಟು ದಿನ ಕಾದವರು ಇನ್ನಷ್ಟು ಹೊತ್ತು ಕಾದಂತೆ ಕೂತರು. ಬಿಸಿಲು ನಮ್ಮ ಕಾಲ ಮೇಲೆ ಬಂತು. ನನ್ನ ಉಸಿರು ಒಂದು ಹದಕ್ಕೆ ಬಂದ ಮೇಲೆ, "ನಾಳೆ ಹೋಗಿ ಕೇಳಿ ಬರೂಣು" ಎಂದರು.

ಮರುದಿನ ಓದು ಮುಂದುವರಿಯಬೇಕಾದ ದಿನ. ಉಳಿದದ್ದು ನಲವತ್ತು ಪುಟ. ಬೆಳಿಗ್ಗೆ ಬೀಗದ ಕೈ ಕೊಡಲು ಹೋದಾಗ ಮಾಸ್ತರರು ಅಂಗಳದಲ್ಲಿ ನಿಂತಿದ್ದರು. "ಇವತ್ತ ಅಂವಾ ಯಾರು ಅನ್ನೂದು ಗೊತ್ತಾಕ್ಕೈತೆವ್ವಾ. ಏಳು ವರ್ಷ ಕಾದೀವಿ. ನಾಳೆ ಹೋದ್ರ ಆಗೂದಿಲ್ಲೇನು?"

"ನೀವ ಯಾರ ಕಡಿಂದರ ಓದಿಸ್ರಿ ಮಾಸ್ತರ. ಯಾರು ಅಂತ ಗೊತ್ತಾದ್ರ ನನಗ ಹೇಳಬ್ಯಾಡ್ರಿ."

ಎಂಟರ ಬಸ್ಸಿಗೆ ಇಬ್ಬರೂ ಹತ್ತಿದೆವು. ಅತ್ತೆ ಕಿಟಕಿಯ ಪಕ್ಕ ಕೂತರು. ಆ ಹೆಂಗಸಿಗೆಂದು ಕಟ್ಟಿಕೊಂಡ ರೊಟ್ಟಿಯ ಗಂಟು ಅವರ ತೊಡೆಯ ಮೇಲಿತ್ತು. ಊರು ದಾಟುವಾಗ ನನಗೆ ಮತ್ತೆ ಕಣ್ಣು ತುಂಬಿತು. ಅವರು ನೋಡಿದರು. ಸೆರಗಿನ ತುದಿ ನನ್ನ ಕೈಗೆ ಕೊಟ್ಟು, "ಅಲ್ಲಿ ಹ್ವಾದ ಕೂಡ್ಲೆ ಮೊದಲ ಹೆಸರ ಕೇಳು. ಅಳೂದು ಆಮ್ಯಾಲ" ಎಂದರು.